ತೋಟದ ಮಾತು: ಈ ಸಲ ಎಲ್ಲ ಜಾಯಿಕಾಯಿಯದೇ

ಹೋದ ತಿಂಗಳು ಕಾಳುಮೆಣಸಿನ ಪ್ರಶ್ನೆಗೆ ಉತ್ತರ ಬರೆಯುವಾಗ, ನೆರಳೂ ನೀರೂ ಇದ್ದರೆ ನಾಲ್ಕು ಜಾಯಿಕಾಯಿ ಗಿಡವನ್ನೂ ಹಾಕಿ ಎಂದು ಒಂದೇ ಒಂದು ಸಾಲು ಸೇರಿಸಿದ್ದೆ. ಬಂದ ಕಾಗದಗಳನ್ನು ನೋಡಿದರೆ ಮೆಣಸು ಯಾರಿಗೂ ಬೇಡವಾದಂತಿದೆ. ಸರಿ, ಈ ಸಂಚಿಕೆ ಪೂರ್ತಿ ಜಾಯಿಕಾಯಿಗೇ ಇರಲಿ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಈ ಮರ ನಮ್ಮ ಕಡೆಯದಲ್ಲ. ಪೂರ್ವ ಇಂಡೋನೇಷ್ಯಾದಲ್ಲಿ ಬಂಡಾ ಅಂತ ಒಂದಿಷ್ಟು ಪುಟ್ಟ ದ್ವೀಪಗಳಿವೆ. ಅಲ್ಲಿನ ಕಾಡು ಇದರ ತವರು. ಬೆಂಕಿಬೆಟ್ಟದ ಮಣ್ಣು, ಸುತ್ತಲೂ ಸಮುದ್ರ, ವರ್ಷವಿಡೀ ಬೆಚ್ಚನೆ ತೇವ, ತಲೆ ಮೇಲೆ ದೊಡ್ಡ ಮರಗಳ ನೆರಳು. ನೀವು ಕೇಳಿದ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಇಷ್ಟರಲ್ಲೇ ಇದೆ. ಗಿಡದ ಬಗ್ಗೆ ಅನುಮಾನ ಬಂದಾಗಲೆಲ್ಲ, ತವರಲ್ಲಿ ಇದು ಹೇಗಿತ್ತು ಅಂತ ಒಂದು ಸಲ ಯೋಚಿಸಿ.

ಪ್ರಶ್ನೆ: ಅಕ್ಕ, ಅಡಿಕೆ ತೋಟದ ನಡುವೆ ಆರು ಜಾಯಿಕಾಯಿ ಗಿಡ ಇವೆ. ಬೀಜದಿಂದ ಎದ್ದ ಗಿಡಗಳು, ಒಂಬತ್ತು ವರ್ಷ ಆಯ್ತು. ಮೂರರಲ್ಲಿ ಕಾಯಿ ಇದೆ. ಉಳಿದ ಮೂರು ಪ್ರತಿ ವರ್ಷ ಹೂ ಬಿಟ್ಟು ಉದುರಿಸುತ್ತವೆ, ಒಂದು ಕಾಯಿ ನಿಲ್ಲುವುದಿಲ್ಲ. ಗೊಬ್ಬರ ಹಾಕಿದೆ, ಔಷಧಿ ಹೊಡೆದೆ. ಕಡಿದುಬಿಡಲಾ? (ಬಣಕಲ್‌ನಿಂದ ಒಬ್ಬ ಬೆಳೆಗಾರರು)

ಉತ್ತರ: ಕತ್ತಿ ಕೆಳಗಿಡಿ ಅಣ್ಣ. ನಿಮ್ಮ ಮರಕ್ಕೆ ಯಾವ ರೋಗವೂ ಇಲ್ಲ. ಆ ಮೂರೂ ಗಂಡು ಮರಗಳಿರಬೇಕು.

ಜಾಯಿಕಾಯಿಯಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಬೀಜ ಹಾಕಿ ಎಬ್ಬಿಸಿದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅರ್ಧ ಹೆಣ್ಣು. ನಿಮ್ಮಲ್ಲಿ ಆರಕ್ಕೆ ಮೂರು ಅಂದರೆ ಲೆಕ್ಕ ಸರಿಯಾಗೇ ಇದೆ. ಹೂ ಬಿಡುವ ತನಕ, ಅಂದರೆ ಆರೆಂಟು ವರ್ಷ, ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಎಲೆ ಅಗಲ ಇದ್ದರೆ ಹೆಣ್ಣು, ಕೊಂಬೆ ನೆಟ್ಟಗಿದ್ದರೆ ಗಂಡು ಅಂತ ಹೇಳುವವರು ಪ್ರತಿ ಊರಲ್ಲೂ ಒಬ್ಬರು ಇರುತ್ತಾರೆ. ನಂಬಬೇಡಿ.

ಹೂವನ್ನೇ ನೋಡಿ. ಗಂಡು ಮರದಲ್ಲಿ ಹೂ ಗೊಂಚಲಾಗಿ ಬರುತ್ತವೆ, ಒಂದೊಂದು ಗೊಂಚಲಲ್ಲಿ ಐದು, ಎಂಟು, ಹತ್ತು. ಒಂದೊಂದೂ ಸಣಕಲು. ಹೆಣ್ಣು ಹೂ ಒಂಟಿ, ಜಾಸ್ತಿ ಅಂದರೆ ಎರಡು ಮೂರು, ಬುಡದಲ್ಲಿ ಕೊಂಚ ದುಂಡಗೆ. ಇನ್ನೂ ಅನುಮಾನ ಇದ್ದರೆ ಒಂದು ಹೂ ಕಿತ್ತು ಉಗುರಿನಿಂದ ಉದ್ದಕ್ಕೆ ಸೀಳಿ. ಒಳಗೆ ದುಂಡನೆಯ ಪುಟ್ಟ ಕಾಯಿ ಕಂಡರೆ ಹೆಣ್ಣು. ನಡುವೆ ಬರೀ ಒಂದು ಕಡ್ಡಿ ನಿಂತಿದ್ದು, ಬೆರಳಿಗೆ ಹಳದಿ ಪುಡಿ ಮೆತ್ತಿದರೆ ಗಂಡು. ಓದುವ ಕನ್ನಡಕ ಬೇಕಾಗುತ್ತದೆ, ನನಗಂತೂ ಬೇಕು. ಅಪರೂಪಕ್ಕೆ ಗಂಡು ಮರದಲ್ಲೂ ನಾಲ್ಕು ಕಾಯಿ ಬಿಡುವುದುಂಟು, ಅದನ್ನು ನೋಡಿ ಮೋಸ ಹೋಗಬೇಡಿ.

ಈಗ ಏನು ಮಾಡುವುದು? ಮೂರರಲ್ಲಿ ಒಂದನ್ನು ಹಾಗೇ ಬಿಡಿ. ಹತ್ತು ಹೆಣ್ಣು ಮರಕ್ಕೆ ಒಂದು ಗಂಡು ಸಾಕು ಎನ್ನುತ್ತಾರೆ. ನಿಮ್ಮದು ಸಣ್ಣ ಗುಂಪು, ಒಂದು ಬೇಕೇ ಬೇಕು. ಅದನ್ನೂ ಕಡಿದರೆ ಈಗ ಕಾಯಿ ಬಿಡುತ್ತಿರುವ ಮರಗಳೂ ಮುನಿಸಿಕೊಳ್ಳುತ್ತವೆ. ಉಳಿದ ಎರಡನ್ನು ಹೆಣ್ಣು ಮಾಡಬಹುದು. ತಮಾಷೆಯಲ್ಲ, ಕೇರಳದ ಬೆಳೆಗಾರರು ಮಾಡುತ್ತಲೇ ಇದ್ದಾರೆ. ಒಂದೆರಡು ಕೊಂಬೆ ಉಳಿಸಿಕೊಂಡು ಗಂಡು ಮರದ ತಲೆ ಕಡಿಯುತ್ತಾರೆ. ಕಾಂಡದಿಂದ ಹೊಸ ಚಿಗುರು ಬರುತ್ತದೆ. ಆ ಚಿಗುರು ಬಲಿತ ಮೇಲೆ ಅದಕ್ಕೆ ಒಳ್ಳೆಯ ಹೆಣ್ಣು ಮರದ ಕಣ್ಣು, ಅಂದರೆ ಚಿಗುರುವ ಮೊಗ್ಗು, ತಂದು ಕೂರಿಸುತ್ತಾರೆ. ಕಸಿ ಕೈ ಹಿಡಿದರೆ ಉಳಿಸಿದ್ದ ಹಳೇ ಕೊಂಬೆ ತೆಗೆಯುತ್ತಾರೆ. ಬೇರು ಒಂಬತ್ತು ವರ್ಷದ್ದು, ಹಾಗಾಗಿ ಹೊಸ ಸಸಿಗಿಂತ ಬೇಗ ಕಾಯಿಗೆ ಬರುತ್ತದೆ. ಇದು ಕೈ ಪಳಗಿದವರ ಕೆಲಸ. ಕಾಫಿ ಕಸಿ ಮಾಡುವವರನ್ನೇ ಕರೆದು ಶುರು ಮಾಡಬೇಡಿ, ಜಾಯಿಕಾಯಿ ಕಣ್ಣು ಕೂರಿಸಿ ಗೊತ್ತಿರುವವರನ್ನು ಹುಡುಕಿ.

ಹೂವಿನ ಹೊತ್ತಲ್ಲಿ ಕೀಟನಾಶಕ ಹೊಡೆದದ್ದು ಯಾಕೆ ಅಂತ ಮಾತ್ರ ತಿಳಿಯಲಿಲ್ಲ. ಈ ಹೂ ರಾತ್ರಿ ಅರಳುತ್ತದೆ. ಗಂಡಿನಿಂದ ಹೆಣ್ಣಿಗೆ ಪರಾಗ ಒಯ್ಯುವುದು ಪುಟ್ಟ ಪುಟ್ಟ ಜೀರುಂಡೆಗಳು. ಅವನ್ನೇ ಸಾಯಿಸಿದರೆ ಕಾಯಿ ಎಲ್ಲಿಂದ ಬರಬೇಕು?

ಪ್ರಶ್ನೆ: ಹೊಸದಾಗಿ ಹಾಕುವುದಾದರೆ ಬೀಜದ ಗಿಡವೋ, ಕಸಿ ಗಿಡವೋ? ಕಸಿ ಗಿಡ ಪೊದೆಯಾಗಿ ನೆಲಕ್ಕೇ ಹರಡುತ್ತದೆ ಎನ್ನುತ್ತಾರಲ್ಲ? (ಕೊಟ್ಟಿಗೆಹಾರ)

ಉತ್ತರ: ಕಸಿ ಗಿಡವೇ ಹಾಕಿ. ಮೇಲಿನ ಕಾಗದ ಓದಿದ ಮೇಲೆ ಕಾರಣ ಹೇಳಬೇಕಾಗಿಲ್ಲ ಅಲ್ವಾ? ಪೊದೆಯ ಮಾತೂ ನಿಜ, ಆದರೆ ಅದು ಕಸಿಯ ತಪ್ಪಲ್ಲ, ಕಡ್ಡಿಯ ತಪ್ಪು. ನೆಟ್ಟಗೆ ಮೇಲಕ್ಕೆ ಹೋಗುವ ಚಿಗುರಿನಿಂದ ಕಡ್ಡಿ ತೆಗೆದು ಕಸಿ ಮಾಡಿದರೆ ಗಿಡ ನೆಟ್ಟಗೆ ಹೋಗುತ್ತದೆ. ಪಕ್ಕಕ್ಕೆ ಚಾಚುವ ಕೊಂಬೆಯ ಕಡ್ಡಿ ತೆಗೆದರೆ ಗಿಡವೂ ಪಕ್ಕಕ್ಕೇ ಚಾಚುತ್ತದೆ. ಒಂದು ಮರದಲ್ಲಿ ನೆಟ್ಟಗಿನ ಚಿಗುರು ಕಡಿಮೆ, ಪಕ್ಕದ ಕೊಂಬೆ ಬೇಕಾದಷ್ಟು. ಹಾಗಾಗಿ ಅವಸರದ ನರ್ಸರಿಯವರು ಸಿಕ್ಕಿದ್ದನ್ನು ಕೂರಿಸುತ್ತಾರೆ. ಗಿಡ ತರುವಾಗ ಕೇಳಿ, ಕಣ್ಣಲ್ಲೂ ನೋಡಿ. ಕಸಿಯ ಮೇಲಿನ ಭಾಗ ನೇರವಾಗಿ ನಿಂತು ಸುತ್ತಲೂ ಕೊಂಬೆ ಬಿಟ್ಟಿದ್ದರೆ ತನ್ನಿ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ವಿಶ್ವಶ್ರೀ ಅಂತ ಒಂದು ತಳಿ ಬಿಡುಗಡೆ ಮಾಡಿದೆ, ಅದನ್ನೂ ವಿಚಾರಿಸಿ. ಮರದಿಂದ ಮರಕ್ಕೆ ಎಂಟು ಮೀಟರ್ ಬಿಡಿ. ಇಪ್ಪತ್ತು ವರ್ಷ ಆದ ಮೇಲೆ ಆ ಜಾಗ ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತದೆ.

ಬೀಜದ್ದೇ ಹಾಕುತ್ತೇನೆ ಎನ್ನುವವರು ಅಂಗಡಿಯ ಜಾಯಿಕಾಯಿ ತಂದು ಹೂಳಬೇಡಿ. ಬೀಜ ಒಣಗಿತೆಂದರೆ ಸತ್ತಂತೆ. ಮರದಲ್ಲಿ ಬಿರಿದ ಕಾಯಿಯ ಬೀಜವನ್ನು ಒಂದೆರಡು ದಿನದಲ್ಲೇ ಒದ್ದೆ ಮರಳಿಗೆ ಹಾಕಬೇಕು. ಮೊಳಕೆಗೆ ಒಂದರಿಂದ ಮೂರು ತಿಂಗಳು ಕಾಯಬೇಕು.

ಪ್ರಶ್ನೆ: ಮೇಡಂ, ನನ್ನ ಮಗುವಿಗೆ ಎರಡು ತಿಂಗಳು. ರಾತ್ರಿ ಮಲಗುವುದೇ ಇಲ್ಲ. ಅತ್ತೆ ದಿನಾ ಜಾಯಿಕಾಯಿ ತೇಯ್ದು ನೆಕ್ಕಿಸಬೇಕು ಎನ್ನುತ್ತಾರೆ. ಈಗ ಒಂದು ಸುತ್ತು ತೇಯುತ್ತಿದ್ದದ್ದು ನಾಲ್ಕು ಸುತ್ತಿಗೆ ಬಂದಿದೆ. ಮನೆಯದೇ ಕಾಯಿ, ಔಷಧಿ ಹೊಡೆದಿಲ್ಲ. ಏನೂ ಆಗುವುದಿಲ್ಲ ತಾನೆ? (ಹಾನುಬಾಳಿನಿಂದ ಒಬ್ಬ ತಾಯಿ)

ಉತ್ತರ: ನಿಲ್ಲಿಸಿ ತಾಯಿ, ಇವತ್ತೇ ನಿಲ್ಲಿಸಿ. ಇದು ತೋಟದ ಪ್ರಶ್ನೆಯಲ್ಲ, ಆದರೂ ಮೊದಲು ಉತ್ತರ ಬರೆದದ್ದು ಇದಕ್ಕೇ.

ನಮ್ಮಲ್ಲಿ ಬಜೆ, ಅಳಲೆಕಾಯಿ, ಜಾಯಿಕಾಯಿ ತೇಯ್ದು ಮಗುವಿಗೆ ಹಾಕುವ ರೂಢಿ ಹಿಂದಿನಿಂದ ಇದೆ. ಅತ್ತೆಯವರು ಕೆಟ್ಟದ್ದಕ್ಕೆ ಹೇಳುತ್ತಿಲ್ಲ. ಆದರೆ ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಅಂತ ಒಂದು ವಸ್ತು ಇದೆ. ಅದು ನರಗಳ ಮೇಲೆ, ಮಿದುಳಿನ ಮೇಲೆ ಕೆಲಸ ಮಾಡುತ್ತದೆ. ಸಾರಿಗೆ, ಪಾಯಸಕ್ಕೆ ಒಂದು ಚಿಟಿಕೆ ತುರಿದು ಹಾಕಿದರೆ ದೊಡ್ಡವರಿಗೆ ಏನೂ ಆಗುವುದಿಲ್ಲ. ಐದು ಗ್ರಾಂನಷ್ಟು, ಅಂದರೆ ಒಂದು ಸಣ್ಣ ಕಾಯಿ, ಹೊಟ್ಟೆಗೆ ಹೋದರೆ ಗಟ್ಟಿಮುಟ್ಟಾದ ಆಳಿಗೂ ವಾಂತಿ, ಎದೆ ಡವಡವ, ಬಾಯಿ ಒಣಗುವುದು, ಇಲ್ಲದ್ದು ಕಾಣುವುದು ಎಲ್ಲ ಶುರುವಾಗುತ್ತದೆ. ತಿಂದ ಕೂಡಲೇ ಅಲ್ಲ, ಕೆಲವು ಗಂಟೆ ಬಿಟ್ಟು. ಅಷ್ಟು ಹೊತ್ತಿಗೆ ಕಾರಣ ಏನು ಅಂತಲೇ ಮರೆತಿರುತ್ತದೆ. ಇನ್ನು ನಾಲ್ಕೈದು ಕೆ.ಜಿ. ತೂಕದ ಕೂಸಿಗೆ ಎಷ್ಟು ಸುತ್ತು ಅಂತ ಸಾಣೆಕಲ್ಲಿನ ಮೇಲೆ ಅಳತೆ ಮಾಡುವವರು ಯಾರು? ಒಂದು ಕಾಯಿಯಲ್ಲಿ ಇರುವಷ್ಟು ಸತ್ವ ಇನ್ನೊಂದರಲ್ಲಿ ಇರುವುದಿಲ್ಲ. ಮಗು ಮಲಗಿತು ಅಂತ ನೀವು ನೆಮ್ಮದಿ ಪಡುವುದು ಮಂಪರಿಗೆ.

ಔಷಧಿ ಹೊಡೆದಿಲ್ಲ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ತೊಂದರೆ ಇರುವುದು ಕಾಯಿಯೊಳಗೇ. ಆರು ತಿಂಗಳ ತನಕ ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ, ನೀರು ಕೂಡ, ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಮಂಕಾಗಿದ್ದರೆ, ಹಾಲು ಸರಿಯಾಗಿ ಕುಡಿಯದಿದ್ದರೆ ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನು ಹಾಕಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಅತ್ತೆಯವರಿಗೆ ಈ ಪುಟ ತೋರಿಸಿ. ಬೈಯುವುದಾದರೆ ನನ್ನನ್ನು ಬೈಯಲಿ.

ಪ್ರಶ್ನೆ: ನಮ್ಮ ಮೇಷ್ಟ್ರು ಜಾಯಿಕಾಯಿಗೋಸ್ಕರ ನ್ಯೂಯಾರ್ಕನ್ನೇ ಕೊಟ್ಟುಬಿಟ್ಟರು ಅಂತ ಹೇಳಿದರು. ನಿಜವಾ ಆಂಟಿ? ನಮ್ಮ ಮನೆ ಹಿಂದೆಯೂ ಒಂದು ಮರ ಇದೆ. (ಕೊಪ್ಪ, ಹೈಸ್ಕೂಲ್ ವಿದ್ಯಾರ್ಥಿನಿ)

ಉತ್ತರ: ಮೇಷ್ಟ್ರು ಹೇಳಿದ್ದು ಮುಕ್ಕಾಲು ಪಾಲು ನಿಜ ಮರಿ. ಉಳಿದ ಕಾಲು ಭಾಗ ನಾನು ಹೇಳುತ್ತೇನೆ.

ನಾಲ್ಕುನೂರು ವರ್ಷದ ಹಿಂದೆ ಇಡೀ ಪ್ರಪಂಚದಲ್ಲಿ ಜಾಯಿಕಾಯಿ ಬೆಳೆಯುತ್ತಿದ್ದದ್ದು ಬಂಡಾ ದ್ವೀಪಗಳಲ್ಲಿ ಮಾತ್ರ. ಅಲ್ಲಿನ ಜನ ಜಾವಾದವರಿಗೆ, ಮಲಯದವರಿಗೆ, ಅರಬರಿಗೆ ಮಾರುತ್ತಿದ್ದರು. ಕೈ ಬದಲಾಗುತ್ತಾ ಬದಲಾಗುತ್ತಾ ಯುರೋಪಿಗೆ ಹೋಗುವ ಹೊತ್ತಿಗೆ ಬೆಲೆ ಆಕಾಶಕ್ಕೆ ಮುಟ್ಟುತ್ತಿತ್ತು. ನಮ್ಮ ಕರಾವಳಿಗೆ ಮೆಣಸು ಹುಡುಕಿಕೊಂಡು 1498ರಲ್ಲಿ ಬಂದ ಪೋರ್ಚುಗೀಸರು 1512ರ ಹೊತ್ತಿಗೆ ಬಂಡಾ ತಲುಪಿದರು. ಹಿಂದೆಯೇ ಡಚ್ಚರು, ಇಂಗ್ಲಿಷರು. ಡಚ್ಚರಿಗೆ ವ್ಯಾಪಾರ ಮಾಡಿದರೆ ಸಾಲಲಿಲ್ಲ, ಪೂರ್ತಿ ತಮಗೇ ಬೇಕಿತ್ತು. 1621ರಲ್ಲಿ ಅವರ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸೂನ್ ಕೂನ್ ಹಡಗು, ಸೈನಿಕರನ್ನು ಕಟ್ಟಿಕೊಂಡು ಬಂದ. ಬಂಡಾದಲ್ಲಿ ಹದಿನೈದು ಸಾವಿರ ಜನ ಇದ್ದರು ಅನ್ನುವುದು ಒಂದು ಅಂದಾಜು. ಕೊಂದದ್ದು, ಹಸಿವಿನಿಂದ ಸತ್ತದ್ದು, ಹಿಡಿದು ಸಾಗಿಸಿದ್ದು, ಓಡಿಹೋದದ್ದು ಎಲ್ಲ ಕಳೆದು ಉಳಿದವರು ಒಂದು ಸಾವಿರದಷ್ಟು. ಆಮೇಲೆ ತೋಟಗಳನ್ನು ಪಾಲು ಮಾಡಿ ತಮ್ಮವರಿಗೆ ಕೊಟ್ಟರು. ಕೆಲಸಕ್ಕೆ ಬೇರೆ ಕಡೆಯಿಂದ ಗುಲಾಮರನ್ನು ತಂದರು. ನಿನ್ನ ಪಾಠದ ಪುಸ್ತಕದಲ್ಲಿ ಇದು ಒಂದು ಸಾಲಲ್ಲಿ ಮುಗಿದಿರಬಹುದು.

ಈಗ ನ್ಯೂಯಾರ್ಕಿನ ಮಾತು. ಬಂಡಾದ ಗುಂಪಿನಲ್ಲಿ ರನ್ ಅಂತ ಒಂದು ದ್ವೀಪ. ಮೂರು ಕಿಲೋಮೀಟರ್ ಉದ್ದ, ಅಷ್ಟೇ. ಅದು ತಮ್ಮದು ಅಂತ ಇಂಗ್ಲಿಷರು ಹಟ ಹಿಡಿದಿದ್ದರು. ಅತ್ತ ಅಮೆರಿಕದ ಮ್ಯಾನ್‌ಹ್ಯಾಟನ್‌ನಲ್ಲಿ ಡಚ್ಚರ ಊರು ಇತ್ತು, ಇವತ್ತಿನ ನ್ಯೂಯಾರ್ಕ್ ಬೆಳೆದದ್ದು ಅಲ್ಲಿಂದಲೇ. ಇಂಗ್ಲಿಷರು 1664ರಲ್ಲೇ ಅದನ್ನು ಹಿಡಿದುಕೊಂಡಿದ್ದರು. 1667ರಲ್ಲಿ ಬ್ರೆಡಾ ಎಂಬ ಊರಲ್ಲಿ ಎರಡೂ ಕಡೆಯವರು ಕೂತು ಒಪ್ಪಂದ ಮಾಡಿಕೊಂಡಾಗ, ಯಾರ ಕೈಯಲ್ಲಿ ಏನಿದೆಯೋ ಅದು ಅವರಿಗೇ ಇರಲಿ ಎಂದು ತೀರ್ಮಾನವಾಯಿತು. ರನ್ ಡಚ್ಚರಿಗೆ, ಮ್ಯಾನ್‌ಹ್ಯಾಟನ್ ಇಂಗ್ಲಿಷರಿಗೆ. ಅಂದರೆ ಸಂತೆಯಲ್ಲಿ ಒಂದು ಕೊಟ್ಟು ಇನ್ನೊಂದು ತಗೊಂಡ ಹಾಗೆ ಅಲ್ಲ. ಆದರೆ ಆ ಹೊತ್ತಿಗೆ ಡಚ್ಚರು ತಮಗೇ ಲಾಭ ಆಯ್ತು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಡಚ್ಚರು ಬೀಜ ಹೊರಗೆ ಹೋಗದ ಹಾಗೆ ಕಾಯಿಗೆ ಸುಣ್ಣ ಬಳಿದು ಮಾರುತ್ತಿದ್ದರು. ಆದರೂ ಹೋಯಿತು. 1770ರಲ್ಲಿ ಪಿಯರ್ ಪ್ವಾವ್ರ್ ಎಂಬ ಫ್ರೆಂಚ್ ಅಧಿಕಾರಿ ಕಳಿಸಿದ ಜನ ಗಿಡ, ಬೀಜ ಕದ್ದು ಮಾರಿಷಸ್‌ಗೆ ತಂದರು. ಆಮೇಲೆ ಇಂಗ್ಲಿಷರು 1796ರಲ್ಲಿ ಒಮ್ಮೆ, 1810ರಲ್ಲಿ ಇನ್ನೊಮ್ಮೆ ಬಂಡಾ ಹಿಡಿದುಕೊಂಡರು. ಹಿಡಿದಿದ್ದಷ್ಟು ದಿನ ಸಸಿಗಳನ್ನು ಹಡಗಿಗೆ ತುಂಬಿ ಪೆನಾಂಗ್, ಸಿಲೋನ್ ಅಂತ ಹಂಚಿದರು. ದಕ್ಷಿಣ ಭಾರತಕ್ಕೆ ಮರ ಬಂದದ್ದೂ ಆ ಕಾಲದಲ್ಲೇ. ಬಂಡಾದಲ್ಲಿ ಇವತ್ತಿಗೂ ಜಾಯಿಕಾಯಿ ಇದೆ. ಕೆನಾರಿ ಅಂತ ಎತ್ತರದ ಮರಗಳ ನೆರಳಲ್ಲಿ ಬೆಳೆಯುತ್ತಾರೆ. ಆ ಕೆನಾರಿ ನಮ್ಮ ಕಾಡಿನ ರಾಳಧೂಪದ ಮರಕ್ಕೆ ಹತ್ತಿರದ ನೆಂಟ. ನಿಮ್ಮ ಮನೆ ಹಿಂದಿನ ಮರಕ್ಕೆ ಮೇಲೆ ನೆರಳು ಇದೆಯಾ ನೋಡಿ ಬರಿ.

ಪ್ರಶ್ನೆ: ತೆಂಗಿನ ತೋಟದ ನಡುವೆ ಇನ್ನೂರು ಜಾಯಿಕಾಯಿ ಹಾಕಬೇಕೆಂದಿದ್ದೇನೆ. ವಿಡಿಯೋದಲ್ಲಿ ಎಕರೆಗೆ ಲಕ್ಷ ಲಕ್ಷ ಎನ್ನುತ್ತಾರೆ. (ಚನ್ನರಾಯಪಟ್ಟಣ)

ಉತ್ತರ: ಬೇಡ. ವಿಡಿಯೋದ ತೆಂಗಿನ ತೋಟ ಕೇರಳದ್ದು. ಅಲ್ಲಿ ಮಳೆಗೆ ಬರವಿಲ್ಲ. ಈ ಮರಕ್ಕೆ ವರ್ಷಕ್ಕೆ 150 ಸೆಂಟಿಮೀಟರ್ ಮಳೆಯಾದರೂ ಬೇಕು, ಗಾಳಿಯಲ್ಲಿ ತೇವ ಇರಬೇಕು. ನಿಮ್ಮಲ್ಲಿ ಅದರ ಅರ್ಧ ಬಿದ್ದರೆ ಹಬ್ಬ. ಬೋರ್‌ವೆಲ್ ನೀರು ಬುಡಕ್ಕೆ ಬಿಡಬಹುದು, ಮಾರ್ಚ್ ತಿಂಗಳ ಒಣ ಗಾಳಿಗೆ ಏನು ಮಾಡುತ್ತೀರಿ? ಆಸೆ ತಡೆಯದಿದ್ದರೆ ಬಾವಿ ಪಕ್ಕ, ನೆರಳಲ್ಲಿ ಎರಡು ಕಸಿ ಗಿಡ ಹಾಕಿ, ಮನೆ ಖರ್ಚಿಗೆ ಆಯ್ತು.

ಪ್ರಶ್ನೆ: ನಮ್ಮದು ಆಲ್ದೂರಿನ ಆಚೆ, ಎತ್ತರದ ಅರೇಬಿಕಾ ತೋಟ. ಮಳೆ ಬೇಕಾದಷ್ಟಿದೆ. ನೆರಳಿಗಿರುವ ಸಿಲ್ವರ್ ಓಕ್ ಮರ ಮಾರಿ ಆ ಜಾಗಕ್ಕೆ ಜಾಯಿಕಾಯಿ ಹಾಕಬಹುದಾ?

ಉತ್ತರ: ಎಷ್ಟು ಎತ್ತರ ಅಂತ ಬರೆದಿದ್ದರೆ ಚೆನ್ನಾಗಿತ್ತು. ಸಾವಿರ ಮೀಟರ್ ಒಳಗಿದ್ದರೆ ಯೋಚನೆ ಮಾಡಿ. ಅದರಿಂದ ಮೇಲೆ ಚಳಿಗೆ ಗಿಡ ಬದುಕುತ್ತದೆ, ಬೆಳೆಯುವುದಿಲ್ಲ. ರೊಬಸ್ಟಾ ಆಗುವ ಜಾಗ, ಅಡಿಕೆ ಆಗುವ ಹಳ್ಳದ ಬದಿ ಇದಕ್ಕೆ ಸರಿ. ಆದರೆ ಹಳ್ಳದ ಬದಿ ಅಂದರೆ ನೀರು ನಿಲ್ಲುವ ಜಾಗ ಅಲ್ಲ. ಬಸಿಗಾಲುವೆ ಸರಿ ಇರಬೇಕು.

ಇನ್ನೊಂದು ಮಾತು. ಸಿಲ್ವರ್ ಮರ ಪೂರ್ತಿ ತೆಗೆದರೆ ಜಾಯಿಕಾಯಿಗೆ ನೆರಳು ಕೊಡುವವರು ಯಾರು? ಗಾಳಿ ತಡೆಯುವವರು ಯಾರು? ಇದರ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಹಾಗಾಗಿ ಬುಡ ಅಗೆಯಬಾರದು, ದರಗು, ಅಂದರೆ ಉದುರಿದ ಒಣ ಎಲೆ, ಮುಚ್ಚಿಡಬೇಕು, ದೊಡ್ಡ ಗಾಳಿಗೆ ಒಡ್ಡಬಾರದು. ವೆಸ್ಟ್ ಇಂಡೀಸ್‌ನ ಗ್ರೆನೆಡಾ ದೇಶಕ್ಕೆ 1843ರಲ್ಲಿ ಜಾಯಿಕಾಯಿ ಹೋಯಿತು. ಎಷ್ಟು ಚೆನ್ನಾಗಿ ಬಂತೆಂದರೆ ಅವರ ಬಾವುಟದಲ್ಲೇ ಒಂದು ಜಾಯಿಕಾಯಿ ಚಿತ್ರ ಇದೆ. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಎಂಬ ಚಂಡಮಾರುತ ಬಂದು ಅಲ್ಲಿನ ಬಹುಪಾಲು ಜಾಯಿಕಾಯಿ ಮರಗಳನ್ನು ಮಲಗಿಸಿಬಿಟ್ಟಿತು. ಮತ್ತೆ ನೆಟ್ಟರೆ ಕಾಯಿಗೆ ಎಷ್ಟು ವರ್ಷ ಅಂತ ಮೇಲೆ ಹೇಳಿದ್ದೇನೆ. ನಮಗೆ ಚಂಡಮಾರುತ ಇಲ್ಲದಿದ್ದರೂ ಆಷಾಢದ ಗಾಳಿ ಇದೆ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದು, ಮಾಡಿಸುವಾಗ ಪಡುವಣ ದಿಕ್ಕಿನ ಮರಗಳನ್ನು ಬೋಳು ಮಾಡಿಸಬೇಡಿ.

ಪ್ರಶ್ನೆ: ಕಾಯಿ ಬಿಡುವುದೇ ಜಡಿಮಳೆಯಲ್ಲಿ. ಪತ್ರೆ (ಜಾಪತ್ರೆ, ಬೀಜವನ್ನು ಸುತ್ತಿರುವ ಕೆಂಪು ಹೊದಿಕೆ) ಒಣಗಿಸುವಷ್ಟರಲ್ಲಿ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ವ್ಯಾಪಾರಿ ಅರ್ಧ ಬೆಲೆಗೆ ಕೇಳುತ್ತಾನೆ. ಏನಾದರೂ ಉಪಾಯ ಹೇಳಿ. (ಕಳಸದಿಂದ, ಮತ್ತು ಇದೇ ಪ್ರಶ್ನೆ ಕೇಳಿದ ಇನ್ನೂ ಕೆಲವರು)

ಉತ್ತರ: ಮಲೆನಾಡಿನಲ್ಲಿ ಜಾಯಿಕಾಯಿಯ ನಿಜವಾದ ಕಷ್ಟ ಇದು. ಬೆಳೆಯುವುದಲ್ಲ, ಒಣಗಿಸುವುದು. ಜೂನ್‌ನಿಂದ ಆಗಸ್ಟ್ ಒಳಗೆ ಜಾಸ್ತಿ ಕಾಯಿ ಬಿರಿಯುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ ಮೂರೂ ಮಳೆ ಅಲ್ಲೇ. ಕಳಸದವರಿಗೆ ಬಿಸಿಲಿನ ಬಗ್ಗೆ ನಾನು ಹೇಳಿದರೆ ಕೋಪ ಬರುತ್ತದೆ.

ನಮ್ಮ ತೋಟದಲ್ಲಿ ಮಾಡುವುದನ್ನು ಬರೆಯುತ್ತೇನೆ. ಮೊದಲನೆಯದು, ಕಾಯಿ ನೆಲಕ್ಕೆ ಬಿದ್ದು ದರಗಿನಲ್ಲಿ ಕೂರಲು ಬಿಡಬೇಡಿ. ಹಳದಿಯಾಗಿ ನಡುವೆ ಬಿರಿದು ಒಳಗಿನ ಕೆಂಪು ಕಂಡ ಕೂಡಲೇ ದೋಟಿಯಿಂದ ಇಳಿಸಿ. ನಮ್ಮಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ದಿನ ಬಿಟ್ಟು ದಿನ ಒಂದು ಸುತ್ತು ಹೋಗುತ್ತಾರೆ. ನೆಲದಲ್ಲಿ ಬಿದ್ದದ್ದು ಸಿಕ್ಕರೆ ಬೇರೆ ಚೀಲಕ್ಕೆ. ಅದು ಇದರ ಜೊತೆ ಬೆರೆಯಬಾರದು.

ಮನೆಗೆ ತಂದ ದಿನವೇ ಪತ್ರೆ ಬಿಡಿಸಬೇಕು. ಹೆಬ್ಬೆರಳನ್ನು ಕಾಯಿಯ ತುದಿ ಕಡೆಯಿಂದ ತೂರಿಸಿ ನಿಧಾನ ಬುಡದ ಕಡೆಗೆ ಎತ್ತಿದರೆ ಹರಿಯದೆ ಇಡಿಯಾಗಿ ಬರುತ್ತದೆ. ಇಡೀ ಪತ್ರೆಗೂ ಚೂರಿಗೂ ಬೆಲೆಯಲ್ಲಿ ಬಹಳ ವ್ಯತ್ಯಾಸ. ಈ ಕೆಲಸಕ್ಕೆ ನಮ್ಮಲ್ಲಿ ಲೈನ್ ಮನೆಯ ಇಬ್ಬರು ಅಜ್ಜಿಯರಿದ್ದಾರೆ. ಮಾತಾಡುತ್ತಲೇ ಬಿಡಿಸುತ್ತಾರೆ, ಒಂದೂ ಹರಿಯುವುದಿಲ್ಲ. ಹುಡುಗರಿಗೆ ಕೊಟ್ಟರೆ ಅರ್ಧ ಚೂರು.

ಬಿಡಿಸಿದ ಪತ್ರೆಯನ್ನು ಬಿಸಿನೀರಿನಲ್ಲಿ ಅದ್ದಿ. ನೀರು ಕುದಿಯಬಾರದು. 75 ಡಿಗ್ರಿ ಇದ್ದರೆ ಸಾಕು, ಎರಡು ನಿಮಿಷ. ಅಡುಗೆಮನೆಯ ಅಂದಾಜು ಬೇಡ, ಥರ್ಮಾಮೀಟರ್ ದುಬಾರಿಯೇನಲ್ಲ. ಹೀಗೆ ಅದ್ದಿದರೆ ಬಣ್ಣ ಉಳಿಯುತ್ತದೆ. ನೀರು ಬಸಿದು, ಅಂಗೈಯಲ್ಲಿ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿ, ಒಂದರ ಮೇಲೊಂದು ಬೀಳದ ಹಾಗೆ ತಟ್ಟೆಯಲ್ಲಿ ಹರವಿ ಡ್ರೈಯರ್‌ಗೆ ಇಡಿ. ಅವಸರಕ್ಕೆ ಉರಿ ಜಾಸ್ತಿ ಮಾಡಿದರೆ ಪರಿಮಳದ ಎಣ್ಣೆ ಹಾರಿಹೋಗುತ್ತದೆ. ಒಣಗಿದ ಪತ್ರೆ ಮಡಿಸಿದರೆ ಪಟ್ ಅಂತ ಮುರಿಯಬೇಕು. ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಒಣಗುತ್ತದೆ ನಿಜ, ಆದರೆ ಹೊಗೆ ವಾಸನೆ ಹಿಡಿಯುತ್ತದೆ. ಮನೆ ಖರ್ಚಿಗೆ ಆದೀತು, ಮಾರಲು ಬೇಡ. ಡ್ರೈಯರ್ ಒಬ್ಬರಿಗೆ ಭಾರವಾದರೆ ಅಕ್ಕಪಕ್ಕದ ನಾಲ್ಕು ಮನೆ ಸೇರಿ ಒಂದು ಮಾಡಿಕೊಳ್ಳಿ. ಸಣ್ಣದು ಸಾಕು. ಸಿಪ್ಪೆ ತೆಗೆದ ಒಣ ಕಾಯಿ ನೂರು ಕೆ.ಜಿ. ಆಗುವಲ್ಲಿ ಒಣ ಪತ್ರೆ ಹದಿನೈದು ಕೆ.ಜಿ. ಆಸುಪಾಸು ಬರುತ್ತದೆ, ಅಷ್ಟೇ. ಆದರೆ ಕೆ.ಜಿ. ಲೆಕ್ಕದಲ್ಲಿ ಬೆಲೆ ಅದಕ್ಕೇ ಜಾಸ್ತಿ.

ಪತ್ರೆ ಬಿಡಿಸಿದ ಕಾಯಿಯನ್ನು ಚಿಪ್ಪಿನ ಸಮೇತ ಬೇರೆಯಾಗಿ ಒಣಗಿಸಿ. 45 ಡಿಗ್ರಿ ದಾಟಿಸಬೇಡಿ. ಒಳಗೆ ಕೊಬ್ಬು ಇದೆ, ಬಿಸಿ ಜಾಸ್ತಿಯಾದರೆ ಕರಗಿಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗಿನ ಬೀಜ ಗಡಗಡ ಅಂದರೆ ಆಯಿತು. ಅಲ್ಲಿಯ ತನಕ ಚೀಲಕ್ಕೆ ತುಂಬಬೇಡಿ. ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಯುರೋಪಿನವರು ಅದಕ್ಕೆ ಬಿಗಿ ಮಿತಿ ಇಟ್ಟಿದ್ದಾರೆ. ವ್ಯಾಪಾರಿ ಅರ್ಧ ಬೆಲೆಗೆ ಕೇಳುವುದು ಪೂರ್ತಿ ಅವನ ಚಾಲಾಕಿತನವಲ್ಲ.

ಪ್ರಶ್ನೆ: ಮರದಲ್ಲೇ ಎಳೆಕಾಯಿ ಸೀಳಿ, ಕೊಳೆತು ಉದುರುತ್ತದೆ. (ಬಾಳೂರು)

ಉತ್ತರ: ಇದು ಕೊಳೆ ರೋಗ, ಶಿಲೀಂಧ್ರದ್ದು. ಕಾಯಿ ಅರ್ಧ ಬಲಿತಾಗ, ಶೇಕಡಾ ಒಂದರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ್ದು) ಹೊಡೆಯಿರಿ. ಅಡಿಕೆಗೆ ಹೊಡೆಯುವವರೇ ಇದಕ್ಕೂ ಹೊಡೆಯಲಿ. ಉದುರಿದ್ದನ್ನು ಆರಿಸಿ ದೂರ ಹಾಕಿ. ಗಿಡ ಗಿಜಿಗುಟ್ಟಿದ್ದರೆ ಒಳಗೆ ಗಾಳಿ ಆಡುವ ಹಾಗೆ ಒಣಕೊಂಬೆ ತೆಗೆಸಿ.

ಪ್ರಶ್ನೆ: ಕಾಡಿನ ಬದಿಯ ನಮ್ಮ ಜಮೀನಿನಲ್ಲಿ ರಾಮಪತ್ರೆ ಮರ ಇವೆ. ಅದರ ಪತ್ರೆಯನ್ನು ಜಾಪತ್ರೆ ಜೊತೆ ಸೇರಿಸಿ ಕೊಟ್ಟೆ. ಅಂಗಡಿಯವರು ವಾಪಸ್ ಕಳಿಸಿದರು. ಎರಡೂ ಒಂದೇ ಜಾತಿ ತಾನೆ? (ಸಕಲೇಶಪುರ)

ಉತ್ತರ: ವಾಪಸ್ ಕಳಿಸಿದ್ದು ಸರಿಯಾಗೇ ಇದೆ. ಇನ್ನೊಂದು ಸಲ ಸೇರಿಸಬೇಡಿ. ಎರಡೂ ಒಂದೇ ಕುಲ, ಜಾತಿ ಬೇರೆ. ಜಾಯಿಕಾಯಿ ಬಂಡಾದ್ದು, ರಾಮಪತ್ರೆ ನಮ್ಮ ಪಶ್ಚಿಮಘಟ್ಟದ್ದೇ. ರಾಮಪತ್ರೆ ಕಾಯಿ ಉದ್ದ, ಪತ್ರೆಯ ಎಳೆಗಳೂ ಉದ್ದ, ಬಣ್ಣ ಗಾಢ. ಉಗುರಿನಿಂದ ಚೂರು ಮುರಿದು ಮೂಸಿದರೆ ಸಾಕು, ಪರಿಮಳ ಇಲ್ಲವೇ ಇಲ್ಲ ಎನ್ನಬಹುದು. ಮಸಾಲೆಗೆ ಬಣ್ಣ, ಗಾತ್ರ ಕೊಡುತ್ತದೆ. ಅದಕ್ಕೆ ಬೇರೆ ಗಿರಾಕಿಗಳಿದ್ದಾರೆ, ಅದರ ಹೆಸರಿನಲ್ಲೇ ಮಾರಿ. ಮೀಸಲು ಅರಣ್ಯದ ಮರವಾದರೆ ಇಲಾಖೆಯವರನ್ನು ಕೇಳದೆ ಮುಟ್ಟಬೇಡಿ.

ಕೊಯ್ಯುವ ರೀತಿಯ ಬಗ್ಗೆ ಒಂದು ಬೈಗುಳ ಇದೆ, ನಿಮಗಲ್ಲ, ಎಲ್ಲರಿಗೂ. ಮರ ಹತ್ತಿ ಕಾಯಿ ಬಿಡಿಸುವುದು ಕಷ್ಟ ಅಂತ ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಅಳಿವಿನ ಭಯ ಇರುವ ಮರಗಳ ಪಟ್ಟಿಯಲ್ಲಿ ರಾಮಪತ್ರೆ ಆಗಲೇ ಸೇರಿದೆ. ಅದರ ಕಾಯಿಗೆ ಕಾದು ಕೂರುವುದು ಮಂಗಟ್ಟೆ ಹಕ್ಕಿ. ನುಂಗಿ, ಪತ್ರೆ ಅರಗಿಸಿಕೊಂಡು, ಬೀಜವನ್ನು ದೂರ ಹೋಗಿ ಉಗುಳುತ್ತದೆ. ಬಂಡಾದಲ್ಲಿ ಇದೇ ಕೆಲಸ ಮಾಡುವುದು ಒಂದು ಜಾತಿಯ ದೊಡ್ಡ ಪಾರಿವಾಳ. ಎಲ್ಲ ಕಾಯಿ ನೀವೇ ತಂದರೆ ಮುಂದಿನ ಮರ ನೆಡುವವರು ಯಾರೂ ಇರುವುದಿಲ್ಲ. ಜಾಯಿಕಾಯಿ ಕುಟುಂಬದ ಮರಗಳೇ ತುಂಬಿರುವ ಜೌಗು ಕಾಡು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿದೆ. ನೀರಿನಿಂದ ಮೇಲೆದ್ದು ಬಾಗಿದ ಬೇರುಗಳನ್ನು ನೋಡಲಿಕ್ಕಾದರೂ ಆ ಕಡೆ ಹೋದಾಗ ಹೋಗಿ ಬನ್ನಿ.

ಪ್ರಶ್ನೆ: ಕತ್ತಿ ತಾಗಿ ಜಾಯಿಕಾಯಿ ಮರದಿಂದ ರಕ್ತದ ಹಾಗೆ ಕೆಂಪು ನೀರು ಬಂತು. ಕೆಲಸದವರು ಹೆದರಿ ಆ ಕಡೆ ಹೋಗುತ್ತಿಲ್ಲ. (ಅರೇಹಳ್ಳಿ)

ಉತ್ತರ: ಇಡೀ ಕುಟುಂಬದ ಲಕ್ಷಣ ಅದು. ಅದರ ರಸವೇ ಕೆಂಪು. ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯಿರಿ. ಕೆಲಸದವರಿಗೆ ಟೀ ಕೊಟ್ಟು ವಿಷಯ ಹೇಳಿ.

ಪ್ರಶ್ನೆ: ಚಿಕ್ಕಮಗಳೂರು ಟೌನಿನಲ್ಲಿ ಮನೆ. ತಾರಸಿಯ ಮೇಲೆ ಕುಂಡದಲ್ಲಿ ಬೆಳೆಯಬಹುದಾ?

ಉತ್ತರ: ಹತ್ತಿಪ್ಪತ್ತು ಮೀಟರ್ ಬೆಳೆಯುವ ಮರ. ಕುಂಡಕ್ಕೆ ಕರಿಬೇವು ಹಾಕಿ.

ಪ್ರಶ್ನೆ: ಪತ್ರೆ, ಕಾಯಿ ತೆಗೆದ ಮೇಲೆ ಸಿಪ್ಪೆಯ ರಾಶಿ ಕೊಟ್ಟಿಗೆ ಪಕ್ಕ ಬೀಳುತ್ತದೆ. ದಪ್ಪ ಸಿಪ್ಪೆ, ಎಸೆಯಲು ಮನಸ್ಸಾಗುವುದಿಲ್ಲ. (ಜನ್ನಾಪುರದಿಂದ ಒಬ್ಬ ಗೃಹಿಣಿ)

ಉತ್ತರ: ಎಸೆಯಬೇಡಿ. ಬಂಡಾದವರು ತೆಳುವಾಗಿ ಹೆಚ್ಚಿ ಸಕ್ಕರೆ ಹಿಡಿಸಿ ಬಿಸಿಲಲ್ಲಿ ಒಣಗಿಸಿ ತಿನ್ನುತ್ತಾರೆ. ನಮಗೆ ಆ ಹೊತ್ತಿಗೆ ಬಿಸಿಲು ಇಲ್ಲ, ಹಾಗಾಗಿ ಉಪ್ಪಿನಕಾಯಿ.

ಅದೇ ದಿನ ಬಿರಿದ, ಕಲೆಯಿಲ್ಲದ ಸಿಪ್ಪೆ ಆರಿಸಿ. ಹೊರಗಿನ ಹಳದಿ ತೊಗಲು ತೆಳುವಾಗಿ ಹೆರೆದು ಸಣ್ಣಗೆ ಹೆಚ್ಚಿ. ಹಾಗೇ ತಿಂದರೆ ಬಾಯಿ ಒಗರು ಹಿಡಿಯುತ್ತದೆ. ಅದಕ್ಕೇ ಉಪ್ಪುನೀರಿನಲ್ಲಿ ಒಂದು ರಾತ್ರಿ ನೆನೆಸಿಡಿ. ಬೆಳಿಗ್ಗೆ ಹಿಂಡಿ ಆ ನೀರು ಚೆಲ್ಲಿ. ಬಟ್ಟೆಯ ಮೇಲೆ ಹರವಿ ಪಸೆ ಆರಿಸಿ. ಖಾರದಪುಡಿ, ಹುರಿದು ಪುಡಿ ಮಾಡಿದ ಸಾಸಿವೆ, ಸ್ವಲ್ಪ ಮೆಂತ್ಯ, ಉಪ್ಪು, ನಿಂಬೆರಸ ಹಾಕಿ ಕಲಸಿ. ಎಣ್ಣೆಗೆ ಇಂಗು, ಬೆಳ್ಳುಳ್ಳಿ ಒಗ್ಗರಣೆ ಮಾಡಿ, ಆರಿದ ಮೇಲೆ ಸುರಿಯಿರಿ. ಇಂಗು ಕಡಿಮೆ ಹಾಕಿ, ಜಾಯಿಕಾಯಿಗೆ ತನ್ನದೇ ಘಮ ಇದೆ. ಮೂರು ದಿನ ಬಿಟ್ಟು ಬಾಟಲಿಗೆ ತುಂಬಿ. ನಮ್ಮ ಮನೆಯಲ್ಲಿ ಇದು ಅಕ್ಕಿರೊಟ್ಟಿಗೆ, ಗಂಜಿಗೆ. ಮಳೆಗಾಲದಲ್ಲಿ ಒದ್ದೆ ಚಮಚ ಹಾಕುವವರು ಮನೆಯಲ್ಲಿದ್ದರೆ ಸಣ್ಣ ಸಣ್ಣ ಬಾಟಲಿ ಮಾಡಿಟ್ಟುಕೊಳ್ಳಿ.